ಸಿನಿಮಾ ಯೂನಿಟ್‌ಗೆ ಡಾಕ್ಟರ್ ಆಗಿ ಬನ್ನಿ ಅಂತಿದ್ದಾರೆ, ಲೊಕೇಶನ್ ಮಡಿಕೇರಿ ಕಡೆ. ಹೋಗಲಾ?

ನೈಟ್‌ಡ್ಯೂಟಿ ಕುಶಾಲನಗರ:

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿ, ಸೋಮವಾರಪೇಟೆ ಕಡೆ ಒಂದು ಪಿಎಚ್‌ಸಿಯಲ್ಲಿ ಕಡ್ಡಾಯ ಗ್ರಾಮೀಣ ಸೇವೆಯನ್ನೂ ಮುಗಿಸಿ, ಈಗ ಕುಶಾಲನಗರದ ಒಂದು ನರ್ಸಿಂಗ್ ಹೋಂನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ಜೊತೆಗೆ ಪಿಜಿ ಎಂಟ್ರೆನ್ಸ್‌ಗೆ ಓದುತ್ತಿದ್ದೇನೆ.

ನಮ್ಮ ಸೋದರಮಾವನ ಹೋಂಸ್ಟೇಗೆ ಲೊಕೇಶನ್ ನೋಡಲು ಒಂದು ಸಿನಿಮಾದವರು ಬಂದು ಉಳಿದಿದ್ದರು. ಮಾತಿಗೆ ಮಾತು ಬಂದು ಮಾವ "ನಮ್ಮ ಹುಡುಗಿ ಡಾಕ್ಟರ್" ಅಂದುಬಿಟ್ಟಿದ್ದಾರೆ. ಮಾರನೇ ದಿನವೇ ಪ್ರೊಡಕ್ಷನ್ ಮ್ಯಾನೇಜರ್ ಫೋನ್. "ಮೇಡಂ, ಶೆಡ್ಯೂಲ್ ಪೂರ್ತಿ ನಮ್ ಜೊತೆ ಇರಿ. ಆರ್ಟಿಸ್ಟ್‌ಗಳಿಗೆ ಏನಾದ್ರೂ ಆದ್ರೆ ನೋಡ್ಕೊಳ್ಳಿ ಸಾಕು. ಆರಾಮ ಕೆಲಸ, ಬುಕ್ ಓದ್ಕೊಂಡು ಕೂತಿರಬಹುದು" ಅಂದರು.

ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟ್ ಬಂಗಲೆ, ಭಾಗಮಂಡಲದ ಕಡೆ ಒಂದು ಹೊಳೆ, ಕೊನೆಗೆ ಮಾಂದಲಪಟ್ಟಿ ಬೆಟ್ಟದ ಮೇಲೆ ಫೈಟ್. ಮಳೆ, ಮಂಜು ಎರಡೂ ಬೇಕಂತೆ, ಹಾಗಾಗಿ ಸೆಪ್ಟೆಂಬರ್‌ನಲ್ಲೇ ಮಾಡುತ್ತಾರಂತೆ.

ನನಗೆ ಗೊತ್ತಾಗಬೇಕಾಗಿರುವುದು ಇಷ್ಟು. ಸೆಟ್‌ನಲ್ಲಿ ಡಾಕ್ಟರ್‌ಗೆ ನಿಜವಾಗಿ ಏನು ಕೆಲಸ ಇರುತ್ತದೆ? ಕಿಟ್‌ನಲ್ಲಿ ಏನಿರಬೇಕು? ಏನಾದರೂ ಹೆಚ್ಚುಕಮ್ಮಿ ಆದರೆ ಎಲ್ಲಾ ನನ್ನ ತಲೆಗೇ ಬರುತ್ತದಾ? ದುಡ್ಡು ಎಷ್ಟು ಕೇಳಬೇಕು ಅನ್ನುವುದಕ್ಕಿಂತ ಹೇಗೆ ಕೇಳಬೇಕು ಅನ್ನುವುದೇ ಗೊತ್ತಿಲ್ಲ. ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ. "ತುಂಬಾ ಲಕ್ಕಿ ನೀವು, ಹೀರೋ ಯಾರು" ಅನ್ನುವ ಉತ್ತರ ಬೇಡ, ಮನೆಯಲ್ಲಿ ಅದು ಸಾಕಷ್ಟು ಆಗಿದೆ.

---

ಹಳೇ ಸ್ಟೆತಸ್ಕೋಪ್:

ಹೋಗಿ. ಆದರೆ ಬುಕ್ ಮನೆಯಲ್ಲೇ ಬಿಟ್ಟು ಹೋಗಿ. ನಾನು ಬೆಂಗಳೂರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವವನು, ಮಧ್ಯೆ ಮಧ್ಯೆ ಶೂಟಿಂಗ್‌ಗೂ ಹೋಗುತ್ತೇನೆ.

"ಆರ್ಟಿಸ್ಟ್‌ಗಳಿಗೆ" ಅಂದರಲ್ವಾ, ಅಲ್ಲೇ ಮೊದಲು ನಿಲ್ಲಿಸಿ. ಹೀರೋ, ಹೀರೋಯಿನ್ ನಿಮ್ಮ ಹತ್ತಿರ ಬರುವುದು ಗಂಟಲು ಕಟ್ಟಿದೆ, ನಿದ್ದೆ ಇಲ್ಲ, ಗ್ಯಾಸ್ಟ್ರಿಕ್, ಮೇಕಪ್‌ಗೆ ಮುಖ ಕೆಂಪಾಗಿದೆ ಅಂತ. ನಿಜವಾದ ಪೆಟ್ಟು ಬೀಳುವುದು ಲೈಟ್ ಬಾಯ್‌ಗೆ, ಆರ್ಟ್ ಡಿಪಾರ್ಟ್‌ಮೆಂಟ್‌ನ ಕಾರ್ಪೆಂಟರ್‌ಗೆ, ಫೈಟರ್‌ಗೆ. ಬೆಳಗಿನ ಜಾವ ಒದ್ದೆ ದಿಬ್ಬದ ಮೇಲೆ ಲೈಟ್ ಸ್ಟ್ಯಾಂಡ್ ಹೆಗಲ ಮೇಲೆ ಹೊತ್ತುಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಹತ್ತುವವರು ಅವರು. ಜನರೇಟರ್ ವ್ಯಾನ್‌ನಿಂದ ಎಳೆದ ಕೇಬಲ್ ಕೆಸರಿನಲ್ಲೇ ಬಿದ್ದಿರುತ್ತದೆ. ಊಟ ಕೆಟ್ಟರೆ ಇಡೀ ಯೂನಿಟ್‌ಗೆ ಭೇದಿ, ಆಗ ಓಆರ್‌ಎಸ್ ಪಾಕೆಟ್ ಎಷ್ಟಿದ್ದರೂ ಸಾಲದು. ಅದಕ್ಕೆ "ಇಡೀ ಯೂನಿಟ್‌ಗೆ ನಾನೇ ಡಾಕ್ಟರ್, ಎಷ್ಟು ಜನ ಇದ್ದೀರಿ, ಒಬ್ಬ ಸ್ಟಾಫ್ ನರ್ಸ್ ಕೊಡಿ" ಅಂತ ಮೊದಲೇ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ನೀವು ಕ್ಯಾರವಾನ್ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ, ಅತ್ತ ಏಣಿಯಿಂದ ಬಿದ್ದವನನ್ನು ಯಾರೋ ಆಟೋದಲ್ಲಿ ಕಳಿಸಿರುತ್ತಾರೆ.

ಎರಡನೆಯದು, "ಬೇಡ" ಅನ್ನುವ ಅಧಿಕಾರ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ಖಳನಟರು ಲೈಫ್ ಜಾಕೆಟ್ ಇಲ್ಲದೆ ಮುಳುಗಿ ಹೋದರು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಫೈಟ್ ತೆಗೆಯುವಾಗ ಹೈಟೆನ್ಶನ್ ತಂತಿಯ ಕರೆಂಟ್ ಹೊಡೆದು ಒಬ್ಬ ಫೈಟರ್ ತೀರಿಕೊಂಡ. ಅಲ್ಲಿ ಡಾಕ್ಟರ್ ಇದ್ದಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಮುಳುಗುತ್ತಿರುವವನಿಗೆ ದಡದಲ್ಲಿ ನಿಂತ ಡಾಕ್ಟರ್ ಏನು ಮಾಡುತ್ತಾನೆ? ಅಲ್ಲಿ ಬೇಕಾಗಿರುವುದು ದೋಣಿ, ಈಜುಗಾರ, ಜಾಕೆಟ್. ಅಂದರೆ ನಿಮ್ಮ ಕೆಲಸ ಶುರುವಾಗುವುದು ಹಿಂದಿನ ದಿನ. ಹೊಳೆ ಸೀನ್ ಇದ್ದರೆ ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ, ಮೇಲುಗಡೆ ಮಳೆ ಜೋರಾದರೆ ನೀರು ಏರುವುದನ್ನು ನೋಡಿ ಹೇಳುವವರು ಯಾರು? ರೋಪ್ ಶಾಟ್ ಇದ್ದರೆ ತಲೆ ಮೇಲೆ ಕರೆಂಟ್ ಲೈನ್ ಇದೆಯಾ? ಡಾಕ್ಟರ್‌ಗೆ ಯಾಕೆ ಇದೆಲ್ಲಾ ಅನ್ನುತ್ತಾರೆ. ಅನ್ನಲಿ.

ಒಂದು ಸಲ ಒಬ್ಬ ಫೈಟರ್ ಟೇಬಲ್ ಮೇಲಿಂದ ಬಿದ್ದು ತಲೆ ತಾಗಿಸಿಕೊಂಡ. ತಕ್ಷಣ ಎದ್ದು ನಿಂತ, ನಕ್ಕ, ಪ್ಯಾಂಟ್ ಕೊಡವಿಕೊಂಡ. ಎಲ್ಲರೂ ಚಪ್ಪಾಳೆ. ನನ್ನ ಹತ್ತಿರ ಬಂದು "ಟೇಕ್ ಓಕೆ ಆಯ್ತಾ ಸರ್?" ಅಂದ. ಆಯ್ತು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಟೇಕ್ ಓಕೆ ಆಯ್ತಾ ಸರ್?" ಅಂದ, ಮತ್ತೆ ಅದನ್ನೇ ಕೇಳಿದ. ನೋಡುವುದಕ್ಕೆ ಸಣ್ಣ ವಿಷಯ, ಆದರೆ ಅದು ಕನ್‌ಕಶನ್, ಅಂದರೆ ಪೆಟ್ಟಿಗೆ ಮೆದುಳು ಅಲುಗಿರುವುದು. ಅವತ್ತು ಅವನು ಮತ್ತೆ ಶಾಟ್‌ಗೆ ಹೋಗುವಂತಿಲ್ಲ, ಬೇರೆ ಮಾತೇ ಇಲ್ಲ. ಸಿಟಿ ಸ್ಕ್ಯಾನ್‌ಗೆ ಕಳಿಸಿದೆ. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡು ಓಡಾಡಿದ, ಬೇರೆ ಹುಡುಗನಿಗೆ ಅದೇ ಶರ್ಟ್ ಹಾಕಿಸಿ ಬೆನ್ನು ಕಾಣುವ ಹಾಗೆ ತೆಗೆದರು. ಸಿನಿಮಾ ಏನೂ ನಿಲ್ಲಲಿಲ್ಲ.

"ಒಂದ್ ಇಂಜೆಕ್ಷನ್ ಹಾಕಿ ಡಾಕ್ಟ್ರೇ, ಎರಡೇ ಶಾಟ್" ಅನ್ನುವುದನ್ನು ದಿನಾ ಕೇಳುತ್ತೀರಿ. ಉಳುಕಿದ ಕಾಲಿಗೆ ಡೈಕ್ಲೋ ಅನ್ನುವ ನೋವಿನ ಇಂಜೆಕ್ಷನ್ ಹಾಕಿ ಓಡಿಸಿದರೆ ನೋವು ಗೊತ್ತಾಗುವುದಿಲ್ಲ, ಲಿಗಮೆಂಟ್ ಮಾತ್ರ ಪೂರ್ತಿ ಹೋಗುತ್ತದೆ. ಗಂಟಲಿಗೆ ಸ್ಟೀರಾಯ್ಡ್ ಕೇಳುವವರೂ ಇದ್ದಾರೆ. ಡಬ್ಬಿಂಗ್ ಆಮೇಲೆ ಇದ್ದೇ ಇದೆ, ಸುಮ್ನೆ ಬಿಸಿನೀರು ಕುಡಿದು ಬಾಯಿ ಮುಚ್ಚಿಕೊಂಡಿರಿ ಅನ್ನಿ.

ಕಿಟ್ ಬಗ್ಗೆ. ಎಲ್ಲಕ್ಕಿಂತ ಮೇಲೆ ಅಡ್ರಿನಲಿನ್ ಇರಲಿ, ಪೆಟ್ಟಿಗೆ ತೆಗೆದರೆ ಮೊದಲು ಕೈಗೆ ಸಿಗುವುದು ಅದೇ ಆಗಿರಬೇಕು. ಕಾಡಿನ ಅಂಚಿನಲ್ಲಿ ಸ್ಮೋಕ್ ಮಷಿನ್ ಹಾಕುತ್ತಾರೆ, ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಹೊಗೆ ಹೋದರೆ ಏಳುತ್ತವೆ. ಕಚ್ಚಿಸಿಕೊಂಡವನಿಗೆ ಉಸಿರು ಕಟ್ಟಿದರೆ, ಬಿಪಿ ಬಿದ್ದರೆ, ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಅರ್ಧ ಎಂಎಲ್, ಐದು ನಿಮಿಷಕ್ಕೆ ಸರಿಹೋಗದಿದ್ದರೆ ಮತ್ತೊಮ್ಮೆ. ಏವಿಲ್ (ಮಾಮೂಲಿ ಅಲರ್ಜಿ ಇಂಜೆಕ್ಷನ್) ಕೊಟ್ಟು ಕಾಯುತ್ತಾ ಕೂರಬೇಡಿ, ಇದು ನಿಮಗೂ ಗೊತ್ತು, ಆದರೆ ಸುತ್ತ ಜನ ಕಿರುಚುತ್ತಿರುವಾಗ ಕೈ ಏವಿಲ್ ಕಡೆಗೇ ಹೋಗುತ್ತದೆ.

ಆಕ್ಸಿಜನ್ ಲೆಕ್ಕ ಹಾಕಿ. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎರಡೂವರೆ ಗಂಟೆ. ಮಾಂದಲಪಟ್ಟಿಯಿಂದ ಇಳಿದು ಮಡಿಕೇರಿ, ಅಲ್ಲಿಂದ ಮೈಸೂರು ಇನ್ನೂ ಸುಮಾರು 120 ಕಿ.ಮೀ. ಒಂದು ಸಿಲಿಂಡರ್ ಸಾಲದು. ಬೆನ್ನು ಅಲ್ಲಾಡದ ಹಾಗೆ ಮಲಗಿಸುವ ಸ್ಪೈನ್ ಬೋರ್ಡ್, ಕತ್ತಿಗೆ ಸರ್ವೈಕಲ್ ಕಾಲರ್, ಮುರಿದ ಕೈಕಾಲಿಗೆ ಕಟ್ಟುವ ಸ್ಪ್ಲಿಂಟ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಗಂಟಲು ಕ್ಲೀನ್ ಮಾಡಲು ಸಕ್ಷನ್, ಸಾಧ್ಯವಾದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಮಷಿನ್. ಬೆಂಕಿ ಸೀನ್ ಇದ್ದರೆ ಸುಟ್ಟ ಜಾಗಕ್ಕೆ 20 ನಿಮಿಷ ಸುರಿಯುವಷ್ಟು ತಣ್ಣೀರು ಹತ್ತಿರದಲ್ಲೇ ಇರಲಿ, ಯಾರಾದರೂ ಟೂತ್‌ಪೇಸ್ಟ್ ತಂದರೆ ಓಡಿಸಿ. ಟ್ರಮಡಾಲ್ ಅನ್ನುವ ನೋವಿನ ಔಷಧಿ 2018ರಿಂದ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಅಡಿಯಲ್ಲಿದೆ, ಅದನ್ನೆಲ್ಲಾ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವ ರಿಸ್ಕ್ ನಿಮಗೆ ಬೇಡ.

ಎಲ್ಲಾ ನಿಮ್ಮ ತಲೆಗೇ ಬರುತ್ತದಾ ಅಂದಿರಲ್ಲಾ, ನಿಮ್ಮ ಇಂಡೆಮ್ನಿಟಿ ಪಾಲಿಸಿ (ಪೇಷೆಂಟ್ ಕೇಸ್ ಹಾಕಿದರೆ ಡಾಕ್ಟರ್‌ಗೆ ಇರುವ ವಿಮೆ) ಆಸ್ಪತ್ರೆ ಹೊರಗಿನ ಕೆಲಸಕ್ಕೂ ಅನ್ವಯ ಆಗುತ್ತದಾ ಅಂತ ಇವತ್ತೇ ನೋಡಿ. ನೋಡಿದ ಪ್ರತಿ ಪೇಷೆಂಟ್‌ಗೂ, ಬರೀ ಕ್ರೋಸಿನ್ ಕೊಟ್ಟರೂ, ಒಂದು ನೋಟ್‌ಬುಕ್‌ನಲ್ಲಿ ಟೈಮ್ ಹಾಕಿ ಬರೆದಿಡಿ.

---

ಜೀಪ್ ಮಡಿಕೇರಿ:

ಡಾಕ್ಟ್ರೇ ನಮಸ್ಕಾರ. ನಾನು ಶೂಟಿಂಗ್‌ನವರಿಗೆ ಜೀಪ್ ಓಡಿಸುವವನು, ಔಷಧಿ ವಿಷಯ ಗೊತ್ತಿಲ್ಲ, ದಾರಿ ವಿಷಯ ಹೇಳುತ್ತೇನೆ.

ಮಾಂದಲಪಟ್ಟಿಗೆ ಆಂಬುಲೆನ್ಸ್ ಬರುತ್ತದೆ ಅಂತ ಮ್ಯಾನೇಜರ್ ಹೇಳಿದರೆ ಎಲ್ಲಿಯವರೆಗೆ ಅಂತ ಕೇಳಿ. ಕೊನೆಯ ಆ ಕಲ್ಲು ಕೊರಕಲು ದಾರಿಯಲ್ಲಿ ಹತ್ತುವುದು ಫೋರ್ ವ್ಹೀಲ್ ಜೀಪ್ ಮಾತ್ರ. ಆಂಬುಲೆನ್ಸ್ ಕೆಳಗೆ ನಿಂತಿರುತ್ತದೆ, ನೀವು ಮೇಲಿರುತ್ತೀರಿ. ಹಾಗಾಗಿ ಒಂದು ಜೀಪ್ ಬರೀ ಪೇಷೆಂಟ್‌ಗೆ ಅಂತ ಬೇರೆ ಇಡಿಸಿ. ಊಟ ತರುವುದಕ್ಕೆ, ಮೇಡಂ ಕೊಡೆ ಮರೆತರು ಅಂತ ತರುವುದಕ್ಕೆ ಆ ಜೀಪ್ ಹೋಗಬಾರದು. ಮೇಲೆ ಡಾಕ್ಟ್ರು ಹೇಳಿದ ಆ ಸ್ಪೈನ್ ಬೋರ್ಡ್ ಜೀಪಿನೊಳಗೆ ಮಟ್ಟಸವಾಗಿ ಕೂರುತ್ತದಾ ಅಂತ ಮೊದಲ ದಿನವೇ ಇಟ್ಟು ನೋಡಿ. ಹಿಂದಿನ ಸೀಟು ಎರಡೂ ಕಡೆ ಇರುವ ಗಾಡಿಯಲ್ಲಿ ಕೂರುವುದಿಲ್ಲ, ಬಾಗಿಲು ತೆಗೆದು ಕಾಲು ಹೊರಗೆ ಬಿಟ್ಟುಕೊಂಡು ಬರಬೇಕಾಗುತ್ತದೆ. ಸೀಟು ಬಿಚ್ಚಿಸಬೇಕು.

ನೆಟ್‌ವರ್ಕ್ ನಂಬಬೇಡಿ. ಒಂದೊಂದು ತಿರುವಿನಲ್ಲಿ ಸಿಗುತ್ತದೆ, ಎರಡು ಹೆಜ್ಜೆ ಮುಂದೆ ಇಲ್ಲ. ಡೈರೆಕ್ಟರ್ ಕಡೆಯವರ ಹತ್ತಿರ ವಾಕಿಟಾಕಿ ಇರುತ್ತದೆ, ಒಂದು ನಿಮ್ಮ ಕೈಯಲ್ಲಿ, ಒಂದು ಕೆಳಗೆ ಆಂಬುಲೆನ್ಸ್ ಡ್ರೈವರ್ ಕೈಯಲ್ಲಿ. ಮಂಜು ಕೂತರೆ ಹಗಲಲ್ಲೇ ಮುಂದಿನ ಗಾಡಿ ಕಾಣುವುದಿಲ್ಲ, ಆವಾಗ ಹಾರ್ನ್ ಹೊಡೆದುಕೊಂಡು ಇಳಿಯುವುದೇ.

ದೊಡ್ಡ ಕೇಸ್ ಆದರೆ ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅಲ್ಲಿಂದ ಮುಂದೆ ಅಂದರೆ ಮೈಸೂರು ಅಥವಾ ಮಂಗಳೂರು. ನಮಗೆ ರೈಲೂ ಇಲ್ಲ, ವಿಮಾನವೂ ಇಲ್ಲ, ನಿಮಗೆ ಗೊತ್ತಿರುವುದೇ. ಮಳೆಯಲ್ಲಿ ಮಂಗಳೂರು ಕಡೆಯ ಸಂಪಾಜೆ ಘಾಟಿಯ ಮೇಲೆ ಭರವಸೆ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದ್ದು ಯಾರೂ ಮರೆತಿಲ್ಲ. ಆ ದಿನ ಯಾವ ಕಡೆ ರಸ್ತೆ ಸರಿ ಇದೆ ಅಂತ ಬೆಳಿಗ್ಗೆಯೇ ನಮ್ಮನ್ನು ಕೇಳಿ, ಆ ಕಡೆಯ ಆಸ್ಪತ್ರೆಗೆ ಮುಂಚೆಯೇ ಒಂದು ಫೋನ್ ಮಾಡಿಟ್ಟುಕೊಳ್ಳಿ.

ಸುಂಟಿಕೊಪ್ಪ ಕಡೆ ತೋಟಗಳಲ್ಲಿ ಆನೆ ಇದೆ. ನೈಟ್ ಶೂಟ್ ಮುಗಿಸಿ ಬೈಕ್‌ನಲ್ಲಿ ರೂಮಿಗೆ ಹೋಗುತ್ತೇವೆ ಅನ್ನುವ ಹುಡುಗರನ್ನು ಬಿಡಬೇಡಿ, ಎಲ್ಲರೂ ಒಟ್ಟಿಗೆ ಗಾಡಿಯಲ್ಲಿ ಹೋಗಲಿ. ಜಿಗಣೆಗೆ ಬೆಂಗಳೂರಿನವರು ಕೂಗಾಡುತ್ತಾರೆ, ಉಪ್ಪು ಇಟ್ಟುಕೊಳ್ಳಿ. ಕಾಫಿ ಗಿಡದ ಬುಡದಲ್ಲಿ ಕೈ ಹಾಕಿ ಪೋಸ್ ಕೊಡಿ ಅಂತ ಫೋಟೋಗ್ರಾಫರ್ ಹೇಳಿದರೆ ಹಾವು ಇರಬಹುದು, ಮೊದಲು ಕೋಲಿನಲ್ಲಿ ತಟ್ಟಿ ನೋಡಲು ಹೇಳಿ.

---

ಹಳೇ ಸ್ಟೆತಸ್ಕೋಪ್:

ಜೀಪ್ ಅಣ್ಣ ಕೊನೆಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಸಿಗುವ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್) ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ ತೋಟದಲ್ಲಿ ಸಿಗುವ ಪಿಟ್ ವೈಪರ್‌ಗಳಿಗೆ ಅದು ಕೆಲಸ ಮಾಡುವುದಿಲ್ಲ, ಕೊಟ್ಟರೆ ಬರೀ ರಿಯಾಕ್ಷನ್. ಹಾವು ಯಾವುದು ಅಂತ ಹಿಡಿಯಲು ಹೋಗಿ ಇನ್ನೊಬ್ಬ ಕಚ್ಚಿಸಿಕೊಳ್ಳುವುದು ಬೇಡ. ದೂರದಿಂದ ಫೋಟೋ ಸಿಕ್ಕರೆ ಸಾಕು. ಕೈಕಾಲು ಅಲ್ಲಾಡದ ಹಾಗೆ ಸ್ಪ್ಲಿಂಟ್ ಕಟ್ಟಿ, ಉಂಗುರ, ಬಳೆ ಬಿಚ್ಚಿಸಿ ಆಸ್ಪತ್ರೆಗೆ ಕಳಿಸಿ. ಬಿಗಿಯಾಗಿ ಹಗ್ಗ ಕಟ್ಟಲು ಬಂದವರ ಕೈಯಿಂದ ಹಗ್ಗ ಕಿತ್ತುಕೊಳ್ಳಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕು, ಆಸ್ಪತ್ರೆಯವರು ಮಾಡುತ್ತಾರೆ, ನೀವು ಕಚ್ಚಿದ ಟೈಮ್ ಬರೆದು ಕಳಿಸಿ.

---

ಕ್ಲಾಪ್‌ಬೋರ್ಡ್:

ನಾನು ಅಸೋಸಿಯೇಟ್ ಡೈರೆಕ್ಟರ್. ಡಾಕ್ಟರ್ ಸಾಹೇಬರು ಹೇಳಿದ್ದು ಅರ್ಧ ಒಪ್ಪುತ್ತೇನೆ. ಇನ್ನರ್ಧ ಸೆಟ್‌ನಲ್ಲಿ ನಡೆಯುವುದಿಲ್ಲ ಸರ್.

ಇಡೀ ಯೂನಿಟ್ ನಿಂತು ನೋಡುತ್ತಿರುವಾಗ ಡಾಕ್ಟರ್ ಬಂದು "ಇದು ಮಾಡಬೇಡಿ" ಅಂದರೆ ಡೈರೆಕ್ಟರ್‌ಗೆ ಅದು ಮಾನದ ಪ್ರಶ್ನೆ ಆಗಿಬಿಡುತ್ತದೆ. ಹೀರೋಗೂ ಅಷ್ಟೇ, ಅವರು "ನಾನ್ ಮಾಡ್ತೀನಿ" ಅಂತ ಹಠಕ್ಕೆ ಬೀಳುತ್ತಾರೆ. ಆಮೇಲೆ ಯಾರ ಮಾತೂ ನಡೆಯುವುದಿಲ್ಲ. ಮೇಡಂ, ರಾತ್ರಿ ಕಾಲ್‌ಶೀಟ್ (ಮಾರನೇ ದಿನ ಏನೇನು ತೆಗೆಯುತ್ತೇವೆ ಅನ್ನುವ ಪಟ್ಟಿ) ಬಂದ ಕೂಡಲೇ ಓದಿ. ಅದರಲ್ಲಿ "ಮಳೆ", "ರೋಪ್", "ನೀರು", "ಬೆಂಕಿ", "ಗಾಜು" ಅಂತ ಏನೇ ಕಂಡರೂ ಆಗಲೇ ನನ್ನಂಥವನಿಗೆ ಫೋನ್ ಮಾಡಿ, ಫೈಟ್ ಮಾಸ್ಟರ್ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಮಾಸ್ಟರ್‌ಗಳು ಒರಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅವರ ಹುಡುಗರ ಮೈ ಬಗ್ಗೆ ಅವರಿಗಿರುವಷ್ಟು ಕಾಳಜಿ ಬೇರೆ ಯಾರಿಗೂ ಇಲ್ಲ. ಮಾಸ್ಟರ್ ಒಪ್ಪಿದರೆ ಡೈರೆಕ್ಟರ್ ತಾನಾಗೇ ಒಪ್ಪುತ್ತಾರೆ.

ದುಡ್ಡಿನ ವಿಷಯ ಯಾರೂ ಬರೆದಿಲ್ಲ, ಅದನ್ನೂ ನಾನೇ ಹೇಳುತ್ತೇನೆ. ಶೆಡ್ಯೂಲ್‌ಗೆ ಇಷ್ಟು ಅಂತ ಒಟ್ಟು ಮಾತಾಡಬೇಡಿ, ದಿನಕ್ಕೆ ಇಷ್ಟು ಅಂತ ಮಾತಾಡಿ. ಮಳೆ ಬಂದು ಶೂಟಿಂಗ್ ನಡೆಯದ ದಿನಕ್ಕೂ ಕೊಡಬೇಕು ಅಂತ ಸೇರಿಸಿ, ಕೊಡಗಿನಲ್ಲಿ ಸೆಪ್ಟೆಂಬರ್ ಅಂದರೆ ಅದು ಖಂಡಿತ ಬರುತ್ತದೆ. ನೈಟ್ ಶೂಟ್‌ಗೆ ಬೇರೆ ರೇಟ್. ಔಷಧಿ, ಆಕ್ಸಿಜನ್, ಜೀಪ್, ಆಂಬುಲೆನ್ಸ್ ಎಲ್ಲಾ ಪ್ರೊಡಕ್ಷನ್ ಲೆಕ್ಕ. ನಿಮ್ಮ ಜೇಬಿನಿಂದ ಒಂದು ಹತ್ತಿ ಉಂಡೆಯನ್ನೂ ತರಬೇಡಿ. ಅಡ್ವಾನ್ಸ್ ಅಕೌಂಟಿಗೆ ಬಂದ ಮೇಲೆ ಬ್ಯಾಗ್ ಪ್ಯಾಕ್ ಮಾಡಿ, ಉಳಿದದ್ದನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಿ. "ಬ್ಯಾಲೆನ್ಸ್ ರಿಲೀಸ್ ಆದ್ಮೇಲೆ ಸೆಟ್ಲ್ ಮಾಡೋಣ ಮೇಡಂ" ಅಂದರೆ ಆ ಬ್ಯಾಲೆನ್ಸ್ ಆಸೆ ಅಲ್ಲಿಗೇ ಬಿಡಿ. ನನಗೆ ಬರಬೇಕಾದ್ದೇ ಎರಡು ಸಿನಿಮಾದಿಂದ ಬಂದಿಲ್ಲ.

ಉಳಿಯುವ ಜಾಗ, ಬಾತ್‌ರೂಮ್ ಕೂಡ ಮೊದಲೇ ಮಾತಾಡಿ. ಹೊಳೆ ಲೊಕೇಶನ್‌ನಲ್ಲಿ ಕ್ಯಾರವಾನ್ ಹತ್ತಿರ ಬರುವುದಿಲ್ಲ. ಹೇರ್‌ಡ್ರೆಸ್ಸರ್, ಕಾಸ್ಟ್ಯೂಮ್ ಹೆಣ್ಣುಮಕ್ಕಳನ್ನು ಕೇಳಿ, ಇದಕ್ಕೆ ಎಲ್ಲಾ ಉಪಾಯ ಅವರಿಗೆ ಗೊತ್ತು.

---

ಕಣ್ಣಾಸ್ಪತ್ರೆ ಮೈಸೂರು:

ಎಲ್ಲರೂ ಮರೆತದ್ದು ಕಣ್ಣು. ಬಣ್ಣದ ಲೆನ್ಸ್ ಹಾಕಿಕೊಂಡು ಮಳೆ ಸೀನ್ ಮಾಡಿಸುತ್ತಾರೆ. ಆ ಮಳೆ ಟ್ಯಾಂಕರ್ ನೀರು, ಎಲ್ಲೋ ಕೆರೆಯಿಂದಲೋ ಹೊಳೆಯಿಂದಲೋ ತುಂಬಿದ್ದು. ಲೆನ್ಸ್ ಮತ್ತು ಕಣ್ಣಿನ ಮಧ್ಯೆ ಆ ನೀರು ನಿಂತರೆ ಅಕಾಂತಮೀಬಾ, ಸ್ಯೂಡೊಮೋನಾಸ್ ಅನ್ನುವ ಎರಡು ಕೆಟ್ಟ ರೋಗಾಣುಗಳಿಗೂ ದಾರಿ. ಕಾರ್ನಿಯಾ ಹುಣ್ಣಾಗಿ ಬಿಳಿ ಕಲೆ ಉಳಿದರೆ ಆ ನಟಿಯ ಕೆಲಸವೇ ಹೋಯಿತು. ನೀರಿನ ಸೀನ್‌ಗೆ ಲೆನ್ಸ್ ಬೇಡ ಅಂತ ನೇರವಾಗಿ ಹೇಳಿ. ಕ್ಲೋಸಪ್ ಬೇರೆ ತೆಗೆಯಲಿ, ಕಣ್ಣಿನ ಬಣ್ಣವನ್ನು ಗ್ರಾಫಿಕ್ಸ್‌ನಲ್ಲಿ ಬದಲಿಸಲಿ. ಒಬ್ಬರ ಲೆನ್ಸ್ ಡೂಪ್‌ಗೂ ಹಾಕುವುದು ಕಂಡರೆ ಕಿತ್ತು ಬಿಸಾಡಿ.

ಕಣ್ಣು ಕೆಂಪಾಗಿ ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆಸಿ ಅವತ್ತೇ ಕಣ್ಣಿನ ಡಾಕ್ಟರ್‌ಗೆ ಕಳಿಸಿ. ಸ್ಟೀರಾಯ್ಡ್ ಡ್ರಾಪ್ಸ್ ಯಾವ ಕಾರಣಕ್ಕೂ ಹಾಕಬೇಡಿ. ಕೆಂಪು ಇಳಿಯುತ್ತದೆ, ಡೈರೆಕ್ಟರ್ ಖುಷಿಯಾಗುತ್ತಾರೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ.

---

ನೈಟ್‌ಡ್ಯೂಟಿ ಕುಶಾಲನಗರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾನೇಜರ್‌ಗೆ ಮೇಲ್ ಮಾಡಿದೆ. ನರ್ಸ್ ಮತ್ತು ಜೀಪ್ ಒಪ್ಪಿದರು. ಮಳೆ ದಿನದ ದುಡ್ಡಿಗೆ "ನೋಡೋಣ" ಅಂದಿದ್ದಾರೆ.

ಈಗ ಇನ್ನೊಂದು ತಲೆನೋವು. ಹೀರೋ ಕಡೆಯ ಟ್ರೈನರ್ ಫೋನ್ ಮಾಡಿದ್ದರು. ಮಾಂದಲಪಟ್ಟಿ ಫೈಟ್‌ನಲ್ಲಿ ಶರ್ಟ್ ಇಲ್ಲದ ಶಾಟ್ ಇದೆಯಂತೆ. ಎರಡು ದಿನ ಮುಂಚೆ ನೀರು ನಿಲ್ಲಿಸುತ್ತಾರಂತೆ, "ನೀರು ಇಳಿಸುವ ಮಾತ್ರೆ ಬರ್ಕೊಡಿ, ಶಾಟ್ ಆದ ತಕ್ಷಣ ಡ್ರಿಪ್ ಹಾಕಿ, ಎಲ್ಲಾ ಕಡೆ ಹೀಗೇ ಮಾಡ್ತಾರೆ" ಅಂತಾರೆ. ಸರ್, ಬೇಡ ಅಂದರೆ ಅವರು ಮೆಡಿಕಲ್ ಶಾಪ್‌ನಲ್ಲಿ ತಾವೇ ತೆಗೆದುಕೊಳ್ಳುತ್ತಾರೆ ಅನ್ನಿಸುತ್ತದೆ. ಏನು ಮಾಡಲಿ?

---

ಹಳೇ ಸ್ಟೆತಸ್ಕೋಪ್:

ಬರೆದುಕೊಡಬೇಡಿ. ನೀರಿಲ್ಲದ ಮೈಗೆ ಫ್ರೂಸೆಮೈಡ್ (ಅದೇ ಆ ನೀರು ಇಳಿಸುವ ಮಾತ್ರೆ) ಹಾಕಿದರೆ ಪೊಟ್ಯಾಸಿಯಂ ಬೀಳುತ್ತದೆ, ಬಿಪಿ ಬೀಳುತ್ತದೆ, ಅದರ ಮೇಲೆ ಫೈಟ್, ಚಳಿ, ಟೆನ್ಶನ್, ಸಾಲದ್ದಕ್ಕೆ ಖಾಲಿ ಹೊಟ್ಟೆಗೆ ನಾಲ್ಕು ಕಪ್ ಬ್ಲ್ಯಾಕ್ ಕಾಫಿ. ಎದೆಬಡಿತ ತಪ್ಪುವುದಕ್ಕೆ ಇನ್ನೇನು ಬೇಕು? ರೋಪ್‌ನಲ್ಲಿ ನೇತಾಡಿಸಿದರಂತೂ ಅಲ್ಲೇ ತಲೆ ಸುತ್ತಿ ಬೀಳುತ್ತಾರೆ.

ಟ್ರೈನರ್ ಜೊತೆ ವಾದ ಮಾಡಬೇಡಿ. ಹೀರೋ ಜೊತೆ ನೇರವಾಗಿ, ಒಬ್ಬರೇ ಇರುವಾಗ ಮಾತಾಡಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ನಮ್ಮ ನಟರು ಹೃದಯದ ವಿಷಯ ಎತ್ತಿದರೆ ಕಿವಿ ಕೊಡುತ್ತಾರೆ, ಅದು ನನ್ನ ಅನುಭವ. ಶೆಡ್ಯೂಲ್ ಮುಂಚೆ ಒಂದು ಇಸಿಜಿ, ರಕ್ತದ ಲವಣಾಂಶಕ್ಕೆ ಎಲೆಕ್ಟ್ರೊಲೈಟ್ಸ್, ಕಿಡ್ನಿಗೆ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ ಅನ್ನಿ. ಈಗಾಗಲೇ ಏನೇನು ತೆಗೆದುಕೊಳ್ಳುತ್ತಿದ್ದೀರಿ ಅಂತ ಕೇಳಿ, ಫ್ಯಾಟ್ ಬರ್ನರ್, ಇಂಜೆಕ್ಷನ್ ಎಲ್ಲಾ ಸೇರಿ. ಹೇಳಿದ್ದು ನಿಮ್ಮ ಹತ್ತಿರವೇ ಉಳಿಯಬೇಕು. ಪ್ರೊಡ್ಯೂಸರ್ ಕೇಳಿದರೂ "ಶೂಟ್ ಮಾಡಬಹುದು" ಅಥವಾ "ಇವತ್ತು ಆಗಲ್ಲ", ಇಷ್ಟೇ ಉತ್ತರ. ನಿಮ್ಮ ನೋಟ್‌ಬುಕ್ ಯಾರ ಕೈಗೂ ಕೊಡಬೇಡಿ, ಅದರ ಒಂದು ಪುಟದ ಫೋಟೋ ಯೂಟ್ಯೂಬ್ ಚಾನೆಲ್‌ಗೆ ಹೋದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಉತ್ತರ ಕೊಡಬೇಕಾದವರು ನೀವು.

ನಿಮ್ಮ ಮಾತು ಮೀರಿ ನೀರು ನಿಲ್ಲಿಸಿಯೇ ಬಂದರೆ ಆ ಶಾಟ್ ಬೆಳಿಗ್ಗೆ ಮೊದಲು ಮುಗಿಯಲಿ, ಆಮೇಲೆ ಬಾಯಿಂದಲೇ ನಿಧಾನಕ್ಕೆ ಓಆರ್‌ಎಸ್, ಅನ್ನ, ಬಾಳೆಹಣ್ಣು. ಅವತ್ತು ಫೈಟ್ ಬೇಡ. ಎದೆ ಹಿಡಿದುಕೊಂಡರೆ, ಎಚ್ಚರ ತಪ್ಪಿದರೆ ಮೈಸೂರಿನ ದಾರಿ ಯೋಚಿಸುತ್ತಾ ಕೂರಬೇಡಿ, ಮೊದಲು ಮಡಿಕೇರಿಯಲ್ಲೇ ಇಸಿಜಿ ಆಗಲಿ. ಹಾರ್ಟ್ ಅಟ್ಯಾಕ್ ಆಗಿದ್ದರೆ ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುತ್ತಾರೆ. ಸ್ಟಾಕ್ ಇದೆಯಾ ಅಂತ ಶೆಡ್ಯೂಲ್ ಶುರುವಾಗುವ ಮುಂಚೆ ನೀವೇ ಒಮ್ಮೆ ಹೋಗಿ ಡ್ಯೂಟಿ ಡಾಕ್ಟರ್ ಪರಿಚಯ ಮಾಡಿಕೊಂಡು ಬನ್ನಿ.

---

ಕ್ಲಾಪ್‌ಬೋರ್ಡ್:

ಆ ಶಾಟ್ ಬೆಳಿಗ್ಗೆ ಮೊದಲು ಇಡಿಸುವುದು ಕಷ್ಟ ಏನಿಲ್ಲ ಮೇಡಂ. ಮಧ್ಯಾಹ್ನದ ಮಂಜಿನಲ್ಲಿ ಸಿಕ್ಸ್‌ಪ್ಯಾಕ್ ಕಾಣುವುದಿಲ್ಲ ಅಂತ ಕ್ಯಾಮೆರಾಮನ್ ಬಾಯಲ್ಲಿ ಹೇಳಿಸಿ, ಡೈರೆಕ್ಟರ್ ಅರ್ಧ ನಿಮಿಷದಲ್ಲಿ ಒಪ್ಪುತ್ತಾರೆ.

---

ಜೀಪ್ ಮಡಿಕೇರಿ:

ಬೆಳಿಗ್ಗೆ ಮೊದಲು ಅಂದರೆ ಮಡಿಕೇರಿ ನಾಲ್ಕೂವರೆಗೆ ಬಿಡಬೇಕು. ಅಷ್ಟು ಹೊತ್ತಿಗೆ ಫಾರೆಸ್ಟ್ ಗೇಟ್ ತೆಗೆಯಲು ಪರ್ಮಿಷನ್ ಲೆಟರ್‌ನಲ್ಲಿ ಟೈಮ್ ಬರೆದಿರಬೇಕು, ಅದನ್ನು ಮ್ಯಾನೇಜರ್‌ಗೆ ಈಗಲೇ ಹೇಳಿ ಡಾಕ್ಟ್ರೇ.